ದಣಿದ ತುಟಿಗೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ತಗಡಿನ ಡಬ್ಬ ಮಾರುವವನ ಪಕ್ಕ,
ಗೌಸ್ ಸಾಬರ ಅಂಗಡಿಗೆ ಹತ್ತು ಗಂಟೆಗೆ ಹೋದೆ,
ಬೇಕೆಂದೇ ನಿದ್ದೆಗೆಟ್ಟು.
ರಾತ್ರಿ ಚನ್ನರಾಯಪಟ್ಟಣದಲ್ಲಿ ವರನ ಮೆರವಣಿಗೆ,
ಒಂದೂವರೆಯ ತನಕ ಊದಿದ ತುಟಿಯ ಮೇಲೆ
ಇನ್ನೂ ಆರದ ಕೆಂಪು ಉಂಗುರ.

ಇನ್ನಾಸಪ್ಪ ಮೇಷ್ಟ್ರು ಹೇಳಿದ್ದರು:
ಮೌತ್‌ಪೀಸ್ ಕೊಳ್ಳಲು ಹೊಸ ತುಟಿ ಹೊತ್ತು ಹೋಗಬೇಡ.
ಹಸಿದವನಿಗೆ ಹಳಸಿದ್ದೂ ರುಚಿ,
ರುಚಿ ಕೇಳುವುದಾದರೆ ಉಂಡು ಎದ್ದವನನ್ನು ಕೇಳು.

ನನ್ನ ಹಳೆಯದಕ್ಕೆ ಇಪ್ಪತ್ತಾರು ವರ್ಷ.
ಹೋದ ವರ್ಷ, ಕುಣಿಯುತ್ತಿದ್ದ ಯಾರದೋ ಮೊಣಕೈ
ಟ್ರಂಪೆಟ್ಟಿನ ಬಾಯಿಗೆ ಬಡಿದು
ನನ್ನ ಬಾಯಿಗೆ ತಾಗಿತು.
ದೊಡ್ಡಾಸ್ಪತ್ರೆಯಲ್ಲಿ ಕಟ್ಟಿದ ಹಲ್ಲು
ಕೂದಲೆಳೆಯಷ್ಟು ಉದ್ದ.
ಅಷ್ಟಕ್ಕೇ ಅದು, ನನ್ನ ಉಸಿರಲ್ಲೇ ಬೆಚ್ಚಗಾಗುತ್ತಿದ್ದದ್ದು,
ನೀನ್ಯಾರು ಎಂದು ಕೇಳುತ್ತದೆ.

"ಬಾ ಚೌರಪ್ಪ" ಎಂದು ಸಾಬರು
ಚೌಕಳಿ ಟವೆಲ್ಲಿನ ಮೇಲೆ ಆರು ಹರಡಿದರು.
ಮೊದಲನೆಯದು ಮೀರತ್ತಿನದು, ಬಟ್ಟಲು ಆಳ.
ಮಂದ್ರ ಬಂತು, ಹೆಬ್ಬಾಗಿಲು ತೆರೆದ ಹಾಗೆ.
ಮೇಲಿನ ಪಂಚಮಕ್ಕೆ ಹೋದರೆ
ಅದೇ ಬಾಗಿಲು ಮುಖಕ್ಕೆ ಮುಚ್ಚಿಕೊಂಡಿತು.
ಎರಡನೆಯದರ ಅಂಚು ಕುಡುಗೋಲು, ಕೆಳಗಿಟ್ಟೆ.
ಮೂರನೆಯದು ಬಲು ತೆಳು ಬಟ್ಟಲು,
ತಾರಕ್ಕೆ ಅಳಿಲಿನಂತೆ ಗೋಡೆ ಹತ್ತಿತು,
ಇಳಿದು ಬಾ ಎಂದರೆ
ನೆಗಡಿಯಾದ ಮಗುವಿನ ದನಿ.

ಅಂಗಡಿ ಹುಡುಗ ಮಾತ್ರ ಕುಣಿದ: "ಅಣ್ಣ, ಇದೇ! ಇದೇ ತಗೊಳ್ಳಿ!"

ಅವನಿಗೇನು ಗೊತ್ತು.
ಮಂಗಳವಾರ ದಾಸರಕೊಪ್ಪಲಿನಲ್ಲಿ ಹೆಣದ ಮುಂದೆ
ನೆಲಕ್ಕೆ ತಾಗುವಷ್ಟು ಕೆಳಗೆ ಊದಬೇಕು,
ಬುಧವಾರ ಜನರೇಟರಿನ ಗದ್ದಲ ದಾಟಿ
ಮೂರನೇ ಮಹಡಿಯ ಮುದುಕಿ ಕಿಟಕಿಗೆ ಬರುವಷ್ಟು ಮೇಲೆ,
ಭಾನುವಾರ ಇಗರ್ಜಿಯಲ್ಲಿ ನಡುವಿನ ನಾಲ್ಕೈದು ಸ್ವರ,
ಹಾಡುವ ಮಕ್ಕಳನ್ನು ತುಳಿಯದ ಹಾಗೆ.
ಮೈಸೂರಿನ ಕೆಲವರು ಜೇಬಿನಲ್ಲಿ ಮೂರು ಇಟ್ಟುಕೊಳ್ಳುತ್ತಾರಂತೆ.
ಇರಬಹುದು.
ಒಂದು ಹಾಡು ಮುಗಿದು ಇನ್ನೊಂದು ಹಿಡಿಯುವಷ್ಟರಲ್ಲಿ
ನಮಗೆ ಬೆವರು ಒರೆಸಲೂ ಪುರುಸೊತ್ತಿಲ್ಲ.

ನಾಲ್ಕನೆಯದು ನೆನಪಿಲ್ಲ.
ಐದನೆಯದನ್ನು ಇಟ್ಟು, ಒತ್ತದೆ,
ಕೆಳಗಿಂದ ಮೆಲ್ಲಗೆ ಶುರು ಮಾಡಿ
ಒಂದೇ ಉಸಿರಲ್ಲಿ ಮೇಲಕ್ಕೆ ಹೋದೆ, ಅದೇ ಉಸಿರಲ್ಲಿ ಮರಳಿದೆ.
ಹತ್ತುವುದು ಹೆಮ್ಮೆಯ ಕೆಲಸ, ಯಾರೂ ಹತ್ತುತ್ತಾರೆ,
ಮೆಟ್ಟಿಲು ತಪ್ಪುವುದು ಇಳಿಯುವಾಗ.
ಇದು ತಪ್ಪಲಿಲ್ಲ.
ಮಂದ್ರ ಹೆಬ್ಬಾಗಿಲಾಗಲಿಲ್ಲ,
ಚಿಲಕ ಬಡಿದು, ಕೆಮ್ಮಿ, ಒಳಗೆ ಬಂತು.
ತಾರ ಮಿಂಚಲಿಲ್ಲ,
ಆದರೆ ಕರೆದಾಗ ಅಲ್ಲಿತ್ತು.
ಗಾಂಧಾರ ಒಂದಿಷ್ಟು ಕುಗ್ಗಿದೆ, ಅದನ್ನು ನಾನು ಎತ್ತಿಕೊಳ್ಳುತ್ತೇನೆ,
ನನ್ನ ಹಲ್ಲನ್ನು ಅದು ಸಹಿಸಿಕೊಂಡ ಹಾಗೆ.

ಇನ್ನೊಮ್ಮೆ ಊದಿದೆ. ಮತ್ತೊಮ್ಮೆ.
ಬಾತ ತುಟಿ ಬೈಯಲಿಲ್ಲ.

"ಇದು ಯಾವುದಕ್ಕೆ ಚೆಂದ?" ಎಂದರು ಸಾಬರು.
"ಯಾವುದಕ್ಕೂ ಅಷ್ಟೇನಲ್ಲ. ಕಟ್ಟಿಕೊಡಿ."
ಒಂಬೈನೂರು ಎಂದವರು ಏಳುನೂರೈವತ್ತಕ್ಕೆ ಇಳಿದರು,
ಚಹಾ ತರಿಸಿದರು,
ಬಿಸಿಗೆ ತುಟಿ ಉರಿದು ಅರ್ಧ ಬಿಟ್ಟೆ.
ಆರನೆಯದನ್ನು ಮುಟ್ಟಲೇ ಇಲ್ಲ.
ಅದೇ ಸರಿಯಾದದ್ದಾಗಿತ್ತೋ ಏನೋ.

ಹೊರಗೆ ಡಬ್ಬ ಮಾರುವವ ತಡೆದ:
"ಯಾಕಣ್ಣ ನಿಲ್ಲಿಸಿಬಿಟ್ಟೆ? ಮೊದಮೊದಲು ಒಂದು
ರಸ್ತೆ ತುದಿಗೂ ಕೇಳೋ ಹಂಗೆ ಊದಿದ್ಯಲ್ಲ,
ಭಾರಿ ಇತ್ತು ಕಣಪ್ಪ ಅದು."

ಹೌದೆಂದು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.
ಜೇಬಿನಲ್ಲಿ ಹಳೆಯದೂ ಹೊಸದೂ
ಹೆಜ್ಜೆಗೊಮ್ಮೆ ತಾಗಿ
ಯಾವ ಸ್ಥಾಯಿಗೂ ಸೇರದ ಸಣ್ಣ ಸದ್ದು.