ಎಂಟು ಕಣ್ಣು

ಮೊಸೆಲ್ ನದಿ ತಿರುವು ತೆಗೆದುಕೊಳ್ಳುವಲ್ಲಿ
ನಿಂತರೆ ಜಾರುವ ಗುಡ್ಡದ ಮೇಲೆ
ಹನ್ನೊಂದು ಫೆಬ್ರವರಿ ಬಳ್ಳಿ ಸವರಿದ್ದೇನೆ.
ದ್ರಾಕ್ಷಿ ಮಾತ್ರ ಕಂಡವಳಲ್ಲ.

ಮರಮುರೆಶಿನ ಬಸ್ಸು ನಮ್ಮನ್ನು ಇಳಿಸುವ ಹೊತ್ತಿಗೆ
ಗೂಟಕ್ಕೊಂದರಂತೆ ಬರಿ ಕಟ್ಟಿಗೆ.
ಕಾಲಡಿ ಸ್ಲೇಟು ಕಲ್ಲು, ಮಕ್ಕಳು ಅಕ್ಷರ ತಿದ್ದುತ್ತಿದ್ದುದೇ,
ಪದರು ಪದರಾಗಿ ಒಡೆದು
ಹೆಜ್ಜೆಗೊಮ್ಮೆ ಗಲಗಲ ಕೆಳಗೋಡುತ್ತದೆ.

ಮೊದಲ ದಿನ ವಾಲ್‌ಬುರ್ಗಾ ನನ್ನ ಕತ್ತರಿ ಕಸಿದಳು.
ಹೋದ ವರ್ಷದ ಕಡ್ಡಿ ಇದು, ಇವು ಅದರ ಕಣ್ಣು,
ಇಷ್ಟು ಉಳಿಸು.
ಉಳಿದದ್ದಕ್ಕೆ ಮರುಗಬೇಡ.
ಅವಳ ಜರ್ಮನ್‌ನಲ್ಲಿ ನನಗೆ ತಿಳಿದದ್ದು ಅಂಕಿ ಒಂದೇ.
ಮಿಕ್ಕದ್ದನ್ನು ಬೆರಳು ಹೇಳಿತು.

ಮಾರ್ಚಿಗೆ, ಕತ್ತರಿಸಿದ ತುದಿಯಿಂದ ತೊಟ್ಟು ತೊಟ್ಟು ನೀರು.
ಕಣ್ಣು ಬಿಡುವ ಮೊದಲೇ ಕಣ್ಣೀರು.
ಅವಳು ಅದನ್ನು ಕಾಫಿ ಲೋಟದಲ್ಲಿ ಹಿಡಿದು
ರೆಪ್ಪೆಗೆ ಹಚ್ಚಿಕೊಳ್ಳುತ್ತಾಳೆ, ಪೊರೆಗೆ ಒಳ್ಳೆಯದಂತೆ.
ಎರಡೂ ಕಣ್ಣಿಗೆ ಆಪರೇಷನ್ ಆಗಿದೆ.
ಆದರೂ.

ಕಡ್ಡಿ ಬಗ್ಗಿಸಲು ಒದ್ದೆ ದಿನವೇ ಬೇಕು,
ಬಿಸಿಲಿಗೆ ಪಟ್ಟೆಂದು ಮುರಿಯುತ್ತದೆ.
ಊರು ಕೊಡೆ ಬಿಚ್ಚಿದ ದಿನ ನಾವು ಗುಡ್ಡ ಹತ್ತುತ್ತೇವೆ.
ಎಡಕ್ಕೊಂದು, ಬಲಕ್ಕೊಂದು, ಬಾಗಿಸಿ ಬುಡಕ್ಕೆ ಬಿಗಿದರೆ
ದೋಣಿಯ ಪ್ರವಾಸಿಗರು ಹೃದಯ, ಹೃದಯ ಅಂತ ಫೋಟೋ ತೆಗೆಯುತ್ತಾರೆ.
ನಮಗದು ಗಂಟು. ದಿನಕ್ಕೆ ನಾನೂರು.
ಹೆಬ್ಬೆರಳ ಉಗುರಿನ ಬದಿಗೆ ಸೀಳು, ಸೀಳಿನೊಳಗೆ ಕಲ್ಲಿನ ಕರಿ.

ಏಪ್ರಿಲ್ ಮುಗಿಯುವಾಗ ಕಣ್ಣು ಉಬ್ಬಿ
ಗುಲಾಬಿ ಉಣ್ಣೆ ಇಣುಕುತ್ತದೆ.
ಆಗಲೇ ನನ್ನ ಕಾಗದದ ದಿನಗಳೂ ತೀರುತ್ತವೆ,
ಮನೆಯಲ್ಲಿ ಆಲೂಗಡ್ಡೆ ನೆಡಬೇಕು.
ಕೊಯ್ಲಿಗೆ ಪೋಲೆಂಡಿನವರು ಬರುತ್ತಾರಂತೆ.
ನಾನವರನ್ನು ನೋಡಿಲ್ಲ.
ಶೆಡ್ಡಿನ ಮೊಳೆಯಲ್ಲಿ ಯಾರೋ ಮರೆತ ಹುಲ್ಲು ಟೋಪಿ,
ಅದರ ಅಂಚಿಗೆ ಅಂಟಂಟು ಕಲೆ.

ಆರು ವರ್ಷದ ಹಿಂದೆ
ಸವರಿ ಎಸೆದದ್ದರಲ್ಲೊಂದು ಕಡ್ಡಿ ಮರಳಲ್ಲಿ ಹುಗಿದಿಟ್ಟು
ಒದ್ದೆ ಕಾಲುಚೀಲದಲ್ಲಿ ಸುತ್ತಿ ತಂದೆ.
ಬಿಸಿಲು ಬೀಳುವ ಗೋಡೆಗೆ ನೆಟ್ಟೆ. ತೋದೇರ್ ನಕ್ಕ,
ಇಲ್ಲಿ ಪ್ಲಮ್ಮಿನ ಹೂವೇ ಹಿಮಕ್ಕೆ ಕಪ್ಪಾಗುತ್ತದೆ, ಹುಚ್ಚಿ.
ಕೂಲಿಗೆ ಸವರಿ ಬಂದ ಮೇಲೆ ತಾನೆ ಮನೆಯದರ ಸರದಿ?
ಮೇ ತಿಂಗಳಲ್ಲಿ, ತಡವಾಗಿ, ಕತ್ತರಿ ಇಡುತ್ತೇನೆ.
ಆಗದು ಇನ್ನೂ ಜೋರಾಗಿ ಅಳುತ್ತದೆ.

ಈ ಅಕ್ಟೋಬರ್, ಎಲೆ ಸರಿಸಿದರೆ, ಒಂದು ಗೊಂಚಲು.
ಕೋಳಿಮೊಟ್ಟೆಯಷ್ಟು. ಹಸಿರು.
ಬಕೆಟ್ಟು ಬೋರಲು ಹಾಕಿ ಎದುರು ಕೂತೆ.
ಒಂದು ಹಣ್ಣಿನ ಹಿಂದೆ ಬಿಸಿಲು ಬಿದ್ದು
ಒಳಗಿನ ಎರಡು ಬೀಜ ಕಂಡವು.
ಓ. ನೀನಾ.

ಫೋನಿನ ಆಚೆ ಗಾಣದ ಸದ್ದು, ಯಾರದೋ ಕೂಗು.
ಹುಳಿಯಾ, ಕೇಳಿದಳು ವಾಲ್‌ಬುರ್ಗಾ.
ಹುಳಿ. ತೋದೇರ್ ಉಗಿದ.
ಎಷ್ಟು ಕಣ್ಣು ಬಿಟ್ಟಿದ್ದೆ?
ಎಂಟು.
ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆರು ಸಾಕಿತ್ತು, ಅಂದಳು.