ಎಕ್ಸ್‌ರೇ ಕೋಣೆಯ ಸೆವ್ರಿನಾ

ಗೋಪಿ ಸರ್ಕಲ್ಲಿನಲ್ಲಿ ಸ್ಕೂಟರ್ ಸಮೇತ ಬಿದ್ದು
ದುರ್ಗಿಗುಡಿಯ ನರ್ಸಿಂಗ್ ಹೋಮಿಗೆ
ಪಕ್ಕೆ ಹಿಡಿದುಕೊಂಡು ಬಂದವನಿಗೆ ಆಕೆ ಹೇಳಿದ್ದು:
'ಬನ್ನಿ ಬನ್ನಿ, ನಿಮ್ಮ ಒಳಗೇನಿದೆ ನೋಡಣ.'

ಹಲಗೆ ತಣ್ಣಗಿತ್ತು. 'ಬೇಜಾರು ಮಾಡ್ಕಬೇಡಿ ಸರ್,
ಬೆಳಿಗ್ಗೆಯಿಂದ ಇದನ್ನ ಯಾರೂ ಅಪ್ಕೊಂಡಿಲ್ಲ.'
ನಕ್ಕೆ. ಪ್ರಾಣ ಹೋದಂತಾಯಿತು.
'ನಗಬೇಡಿ, ಫೋಟೋ ಅಲ್ಲಾಡತ್ತೆ' ಅಂತ ತಾನೇ ನಕ್ಕಳು,
ಮೈಮೇಲಿನ ಸೀಸದ ಏಪ್ರನ್ನೂ ಕುಲುಕುವಂತೆ.
ಎರಡು ಫಿಲಂ ಹಾಳಾದವು.

ಸಿಟ್ಟು ಬಂತು ನನಗೆ.
ಇಷ್ಟು ನಗುವವಳ ಹಿಂದೆ ಏನೋ ಇರಲೇಬೇಕು:
ಕುಡುಕ ಗಂಡ, ತೀರದ ಚೀಟಿ,
ಎಲ್ಲೋ ಒಂದು ಬಿರುಕು.
ಕೇಳಿಯೇಬಿಟ್ಟೆ, 'ನಿಮಗೆ ದುಃಖವೇ ಬರಲ್ವೇನ್ರೀ?'

'ಬರತ್ತಪ್ಪ. ಟೋಕನ್ ಕೊಟ್ಟು ಹೊರಗೆ ಕೂರಿಸ್ತೀನಿ.
ಕೆಲವು ಕಾದು ಕಾದು ಎದ್ದು ಹೋಗ್ತವೆ.
ಕೆಲವು ಸಂಜೆತನಕ ಕೂತಿರ್ತವೆ, ಪಾಪ,
ಅವಕ್ಕೂ ಒಂದು ಚಾ ಹೇಳ್ಬೇಕು.
ಈಗ ಉಸಿರು ಹಿಡ್ಕಳಿ.'

ಹಿಡಿದೆ.

ಒದ್ದೆ ಫಿಲಂ ಬೆಳಕಿಗೆತ್ತಿ ತೋರಿಸಿದಳು,
ಏಳನೇ ಎಲುಬಲ್ಲಿ ಕೂದಲೆಳೆಯ ಗೀಟು.
'ಎಷ್ಟು ಚಂದ ಬಿದ್ದಿದೀರಿ ನೋಡಿ!'

ಮೂಳೆ ಕೂಡಿ ವರ್ಷವಾಯಿತು.
ಈಗಲೂ ನಗು ಬಂದರೆ
ಕೈ ಮೊದಲು ಎಡಪಕ್ಕೆಗೆ ಹೋಗುತ್ತದೆ.