ತೊಂಬತ್ತೊಂಬತ್ತು

ಬಿ.ಎ. ನಾಲ್ಕನೇ ಸೆಮಿಸ್ಟರ್, ಊಟದ ನಂತರದ ಪೀರಿಯಡ್ಡು.
ಫ್ಯಾನು ಕೆಟ್ಟಿದೆ; ಗದಗಿನ ಗಾಳಿಗೆ ಅದರ ಗರಜಿಲ್ಲ.
ಕಿಟಕಿ ತೆರೆದರೆ ಸಾಕು, ಟೇಬಲ್ಲಿನ ನಲವತ್ತು ಪ್ರಶ್ನಾವಳಿ
ಹಾರಿ ಹೋಗದಂತೆ ಡಸ್ಟರು ಹೇರಬೇಕು.

ಸರಾಸರಿ ಅಂದರೇನು, ಹೇಳಿ ಎಂದರೆ
ಹಿಂದಿನ ಬೆಂಚು: "ಎಲ್ಲಾರದೂ ಕೂಡ್ಸಿ, ಎಲ್ಲಾರಿಗೂ ಹಂಚೂದ್ರೀ."
ಹಾಗೆ ಹಂಚಿದವರನ್ನು ಎಲ್ಲಾದರೂ ಕಂಡಿರಾ ಎಂದು ನಾನು ಕೇಳಲಿಲ್ಲ.
ಪಠ್ಯಕ್ರಮದಲ್ಲಿ ಅದಿಲ್ಲ.

ಬೆಟಗೇರಿಯ ನೇಕಾರರ ಓಣಿ. ಮನೆ ಮುನ್ನೂರಾ ಹನ್ನೆರಡು.
ಚೀಟಿ ಎತ್ತಿ ಆರಿಸಿದ್ದು ನಲವತ್ತು.
ಪ್ರಶ್ನೆ ಆರು: ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು?
ಎಂಟು, ಎಂಟು, ಒಂಬತ್ತು, ಏಳು, ಹದಿನಾಲ್ಕು, ಎಂಟು...
ಹಾಳೆಯ ಮೇಲೆ ಉದ್ದ ಗೆರೆ, ಅಡ್ಡ ಗೆರೆ.
ಆ ಓಣಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಹಾಸು, ಹೊಕ್ಕು.
ಮಾನಕ ವಿಚಲನೆಯೂ ಅವರಿಗೆ ಹೊಸದಲ್ಲ,
ಎಳೆ ಎಷ್ಟು ಸರಿದಿದೆ ಎಂದು ಬೆರಳಾಡಿಸಿ ಹೇಳುತ್ತಾರೆ,
ವರ್ಗಮೂಲ ಇಲ್ಲದೆ.

ದಾವಲಬಿ, ನಾಗಾವಿಯಿಂದ ಬರುವವಳು, ಲೆಕ್ಕಕ್ಕೆ ಹೆದರುವವಳು,
ಬೋರ್ಡಿನ ಮೇಲೆ ತಂದು ನಿಲ್ಲಿಸಿದಳು: ಹನ್ನೊಂದೂಕಾಲು.
ತಡಿ, ಎಂದೆ. ಓಣಿಯ ತುಂಬ ಎಂಟೇ ಎಂಟು,
ಹನ್ನೊಂದೂಕಾಲು ಎಲ್ಲಿಂದ ಬಂತು?
ಬೆರಳು ಸಾಲು ಸಾಲಾಗಿ ಇಳಿಯಿತು, ಇಪ್ಪತ್ತೇಳರಲ್ಲಿ ನಿಂತಿತು.
ತೊಂಬತ್ತೊಂಬತ್ತು.

ನಾನೇ ಕಲಿಸಿದ್ದು: ಉತ್ತರ ಸಿಗದಿದ್ದರೆ ಖಾಲಿ ಬಿಡಬೇಡಿ,
ತೊಂಬತ್ತೊಂಬತ್ತು ಬರೆಯಿರಿ. ಅದು ಸಂಖ್ಯೆಯಲ್ಲ, ಗುರುತು.
ಕೂಡಿಸುವಾಗ ತೆಗೆಯಿರಿ.
ಅವಳು ತೆಗೆದಿರಲಿಲ್ಲ.
ತೆಗೆದರೆ ಓಣಿ ಒಂಬತ್ತಕ್ಕೆ ಇಳಿಯುತ್ತದೆ.
ಒಂದು ಮನೆಯ ಮೌನ ಎಲ್ಲರ ನೀರನ್ನೂ
ಎರಡೂಕಾಲು ದಿನ ತಡ ಮಾಡಿತ್ತು.

"ಯಾಕ, ಮನ್ಯಾಗ ಯಾರೂ ಇರಲಿಲ್ಲೇನು?"
"ಇದ್ದರ್ರೀ. ಬನವ್ವ ಅಂತ. ಚಾ ಕೊಟ್ರು.
ನಮ್ಮನಿ ಚೀಟಿ ಹೆಂಗ ಬಂತವಾ, ಹುಟ್ಟಿದಾಗಿಂದ
ಒಂದು ಲಾಟರಿ ಹತ್ತಿಲ್ಲ ನನಗ, ಅಂತ ನಕ್ರು.
ಉತ್ತರಾನೂ ಹೇಳಿದ್ರು ಮೇಡಂ. ಚೌಕದಾಗ ಹಿಡೀಲಿಲ್ರೀ."

ಹಾಳೆ ತಿರುವಿದಳು. ಬೆನ್ನ ಮೇಲೆ ಪೆನ್ಸಿಲು, ಓರೆ ಅಕ್ಷರ:
ನಳ ನಮ್ದಲ್ಲ, ಬಾಜೂ ಮನೀದು.
ಅವರ ಕೂಡ ಮಾತಿದ್ದಾಗ ನೀರು.
ಮಾತು ಬಿಟ್ಟಾಗ ಇಲ್ಲ.
ಈಗ ಬಿಟ್ಟೈತಿ.

"ಹಂಗಾರ ಜಗಳ ಎಷ್ಟು ದಿನಕ್ಕೊಮ್ಮೆ ಅಂತ ಕೇಳಬೇಕಿತ್ತ ನಾವು,"
ಅಂದ ಶ್ರೀಶೈಲ. ಎಲ್ಲರೂ ನಕ್ಕರು. ನಾನೂ ನಕ್ಕೆ,
ಆಮೇಲೆ ಅದನ್ನೇ ಬೋರ್ಡಿನ ಮೇಲೆ ಬರೆದೆ.

"ಮೇಡಂ, ಈಗ ಏನು ಹಾಕ್ಲಿ?"
ಎಂಟು ವರ್ಷದಿಂದ ಈ ಕಾಲೇಜಿಗೆ ನಾನು ಅತಿಥಿ.
ಪಗಾರ ಎಷ್ಟು ತಿಂಗಳಿಗೊಮ್ಮೆ ಎಂದು ಯಾರಾದರೂ ಕೇಳಿದರೆ
ನಾನೂ ಹಾಳೆಯ ಬೆನ್ನು ಹುಡುಕಬೇಕು.
ಸರಾಸರಿ ಒಂಬತ್ತು ಅಂತ ಬರಿ, ಎಂದೆ. ಮನೆ ಮೂವತ್ತೊಂಬತ್ತು.
ಕೆಳಗೊಂದು ಗೆರೆ ಎಳೆದು
ಉಳಿದ ಒಂದು ಎಲ್ಲಿ ಹೋಯಿತು, ಅದನ್ನೂ ಬರಿ.
"ಅದಕ್ಕ ಎಷ್ಟು ಮಾರ್ಕ್ಸ್ ಸಿಗತಾವ್ರೀ?"
ಸಿಗುವುದಿಲ್ಲ. ಬರಿ.

ರಾತ್ರಿ ಎರಡಕ್ಕೆ ನಮ್ಮ ಮನೆಯ ನಳ ಕೆಮ್ಮಿತು.
ಎದ್ದು ಡ್ರಮ್ಮು, ಎರಡು ಕೊಡ, ಬಕೀಟು,
ಕುಕ್ಕರನ್ನೂ ಬಿಡದೆ ತುಂಬಿದೆ.
ಗೋಡೆಯಾಚೆ ಯಾರೋ ಖಾಲಿ ಕೊಡ ಕೆಳಗಿಟ್ಟ ಸಪ್ಪಳ.
ಅವರಿಗೆ ನಳವಿಲ್ಲ.
ಮಾತು ಬಿಟ್ಟು ಎಷ್ಟು ದಿನವಾಯಿತು?
ನೀರು ಬಂದ ತಾರೀಖಿಗೆಲ್ಲ ಕ್ಯಾಲೆಂಡರಿನಲ್ಲಿ
ಸುತ್ತು ಹಾಕಿಡುವವಳು ನಾನು.
ಇದಕ್ಕೆ ಹಾಕಿಲ್ಲ.